ಮರಿ, ಪ್ರಾಯದ ಬೆಕ್ಕು, ಮುದಿ ಬೆಕ್ಕು: ಒಂದೇ ಮನೆಯಲ್ಲಿ ಮೂರು ತಟ್ಟೆ

ಒಂದು ಸಂಜೆ ಗೌರಿಯ ಬೆನ್ನು ಸವರುತ್ತಿದ್ದಾಗ ಬೆನ್ನುಮೂಳೆಯ ಗಂಟುಗಳು ಒಂದೊಂದಾಗಿ ಬೆರಳಿಗೆ ತಗುಲಿದವು. ಅವಳಿಗೆ 13 ವರ್ಷ. ಒತ್ತಾದ ಕೂದಲಿನಡಿ ಮೈ ಕರಗುತ್ತಿದ್ದುದು ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ. ಕೂಡಲೇ ತಕ್ಕಡಿಯಲ್ಲಿ ಕೂರಿಸಿದೆ. 3.2 ಕಿಲೋ ತೋರಿಸಿತು. ನಾಲ್ಕು ತಿಂಗಳ ಹಿಂದೆ ಲಸಿಕೆ ಹಾಕಿಸಿದಾಗ ಚೀಟಿಯಲ್ಲಿ ಬರೆದಿದ್ದ ತೂಕ 3.7. ಅರ್ಧ ಕಿಲೋ ಎಂದರೆ ನಮಗೆ ಲೆಕ್ಕಕ್ಕಿಲ್ಲ, ಅವಳಿಗೆ ಅದು ಮೈಯ ಏಳರಲ್ಲೊಂದು ಪಾಲು. ತಟ್ಟೆಯೇನೋ ದಿನವೂ ಖಾಲಿಯಾಗುತ್ತಿತ್ತು. ಖಾಲಿ ಮಾಡುತ್ತಿದ್ದವನು ಐದು ವರ್ಷದ ಬೋರ.

ಬೋರನ ತಪ್ಪೇನೂ ಇರಲಿಲ್ಲ. ಅಡುಗೆಮನೆಯ ಬಾಗಿಲ ಬಳಿ ಒಂದು ದೊಡ್ಡ ಬಟ್ಟಲಿಟ್ಟು, ಬೆಳಿಗ್ಗೆ ಅದರ ತುಂಬ ಬೆಕ್ಕಿನ ಒಣ ಆಹಾರದ ಕಾಳು ಸುರಿದು ಕಚೇರಿಗೆ ಹೋಗುತ್ತಿದ್ದವಳು ನಾನು. ಬೇಕಾದಾಗ ಬೇಕಾದವರು ತಿನ್ನಲಿ ಎಂಬ ಏರ್ಪಾಡು ಅದು. ಗೌರಿಗೆ ದವಡೆಯ ಒಂದು ಹಲ್ಲು ನೋಯುತ್ತಿತ್ತು. ನಾಲ್ಕು ಕಾಳು ಕಡಿದು ಹಿಂದೆ ಸರಿದುಬಿಡುತ್ತಿದ್ದಳು. ರಕ್ತ ಪರೀಕ್ಷೆ ಮಾಡಿಸಿದಾಗ ಮೂತ್ರಪಿಂಡವೂ ಸೋಲತೊಡಗಿದೆ ಎಂದು ತಿಳಿಯಿತು. ಹಲ್ಲು ಕೀಳಿಸಿ, ಅವಳಿಗೆ ಬೇರೆ ಆಹಾರ ಶುರುಮಾಡುವ ಹೊತ್ತಿಗೆ ಬೀದಿಯಿಂದ ಎರಡು ತಿಂಗಳ ಮರಿಯೊಂದು ಬಂದು ಸೇರಿತು. ಬಿಳಿ ಮೈಮೇಲೆ ಕಪ್ಪು ಚುಕ್ಕಿಗಳು, ಹೆಸರು ಎಳ್ಳು. ಹೀಗೆ ಮೂರು ವಯಸ್ಸು, ಮೂರು ಹೊಟ್ಟೆ, ಒಂದೇ ಅಡುಗೆಮನೆ.

ಅಲ್ಲಿಂದ ಈಚೆಗೆ ನಾನು ಕಲಿತದ್ದನ್ನು ಕ್ರಮವಾಗಿ ಬರೆಯುತ್ತಿದ್ದೇನೆ. ಮೂರು ಬಗೆಯ ಪೊಟ್ಟಣ ಕೊಂಡರೆ ಕೆಲಸ ಮುಗಿಯಿತು ಎಂದು ಮೊದಲು ಅಂದುಕೊಂಡಿದ್ದೆ. ಪೊಟ್ಟಣ ಕೊಳ್ಳುವುದು ಸುಲಭ. ಯಾವ ಬೆಕ್ಕು ಇಂದು ಏನು ತಿಂದಿತು, ಎಷ್ಟು ತಿಂದಿತು ಎಂದು ಪ್ರತಿ ರಾತ್ರಿ ಹೇಳಬಲ್ಲವರಾಗುವುದೇ ಕಷ್ಟದ, ಆದರೆ ಮಾಡಲೇಬೇಕಾದ ಕೆಲಸ.

1. ಮೊದಲು ತೂಕ

ಹತ್ತು ಕಿಲೋವರೆಗೆ ತೂಗುವ ಡಿಜಿಟಲ್ ತಕ್ಕಡಿಯೊಂದನ್ನು ಕೊಳ್ಳಿ. ಮೇಲೆ ಒಂದು ಬುಟ್ಟಿಯಿಟ್ಟು, ಅಂಕಿಯನ್ನು ಸೊನ್ನೆಗೆ ತಂದು, ಬೆಕ್ಕನ್ನು ಕೂರಿಸಿದರಾಯಿತು. ನಾವು ನಿಂತು ತೂಗುವ ತಕ್ಕಡಿಯ ಮೇಲೆ ಬೆಕ್ಕನ್ನೆತ್ತಿಕೊಂಡು ನಿಂತು, ನಮ್ಮ ತೂಕ ಕಳೆಯುವ ಉಪಾಯವೂ ಇದೆ. ಪ್ರಾಯದ ಬೆಕ್ಕಿಗೆ ಅದು ನಡೆಯುತ್ತದೆ. ಮರಿಗೂ ಮುದಿ ಬೆಕ್ಕಿಗೂ ನೂರು ಗ್ರಾಮಿನ ಏರುಪೇರು ದೊಡ್ಡದಾದ್ದರಿಂದ ಅವಕ್ಕೆ ಬುಟ್ಟಿಯೇ ಸರಿ.

ಮರಿಯನ್ನು ವಾರಕ್ಕೊಮ್ಮೆ, ಮುದಿ ಬೆಕ್ಕನ್ನು ಎರಡು ವಾರಕ್ಕೊಮ್ಮೆ, ಪ್ರಾಯದ್ದನ್ನು ತಿಂಗಳಿಗೊಮ್ಮೆ ತೂಗಿ, ಅಡುಗೆಮನೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಆರೋಗ್ಯವಾಗಿರುವ ಮರಿ ವಾರಕ್ಕೆ ಹೆಚ್ಚುಕಡಿಮೆ 100 ಗ್ರಾಂ ಏರುತ್ತದೆ. ಒಂದು ವಾರ ಏರದೆ ನಿಂತರೆ ಏನೋ ಸರಿಯಿಲ್ಲ ಎಂದು ತಿಳಿಯಿರಿ.

ತಕ್ಕಡಿಯ ಜೊತೆಗೆ ಕೈಗೂ ಕೆಲಸವಿದೆ. ಮುಷ್ಟಿ ಬಿಗಿದು ಗೆಣ್ಣುಗಳ ಮೇಲೆ ಇನ್ನೊಂದು ಕೈಯ ಬೆರಳಾಡಿಸಿ ನೋಡಿ. ಬೆಕ್ಕಿನ ಪಕ್ಕೆಲುಬು ಕೈಗೆ ಹಾಗೆ ಸಿಕ್ಕಿದರೆ ಅದು ಬಡಕಲು. ಈಗ ಕೈಯನ್ನು ಚಾಚಿ ಹಿಂಗೈ ಮುಟ್ಟಿ ನೋಡಿ. ತೆಳುವಾದ ಚರ್ಮದಡಿ ಮೂಳೆ ತಿಳಿಯುತ್ತದೆ, ಚುಚ್ಚುವುದಿಲ್ಲ. ಪಕ್ಕೆಲುಬು ಹಾಗಿದ್ದರೆ ಮೈ ಹದವಾಗಿದೆ. ಅಂಗೈಯ ಹೆಬ್ಬೆರಳ ಬುಡದಂತೆ ಮೆತ್ತಗಿದ್ದರೆ ಕೊಬ್ಬು ಹೆಚ್ಚಾಗಿದೆ. ವಾರಕ್ಕೊಮ್ಮೆ ಮುದ್ದಿಸುವ ನೆಪದಲ್ಲಿ ಇದನ್ನು ಮಾಡಿದ್ದರೆ ಗೌರಿಯ ವಿಷಯ ನನಗೆ ಎರಡು ತಿಂಗಳು ಮೊದಲೇ ತಿಳಿಯುತ್ತಿತ್ತು.

2. ಯಾರಿಗೆ ಎಷ್ಟು

ಪಶುವೈದ್ಯರು ಸಾಮಾನ್ಯವಾಗಿ ಒಂದು ವರ್ಷದವರೆಗೆ ಮರಿ, ಒಂದರಿಂದ ಆರರವರೆಗೆ ಪ್ರಾಯ, ಏಳರಿಂದ ಹತ್ತು ನಡುವಯಸ್ಸು, ಹತ್ತು ದಾಟಿದರೆ ವೃದ್ಧಾಪ್ಯ ಎಂದು ಲೆಕ್ಕ ಹಾಕುತ್ತಾರೆ.

ಮರಿಯ ಹಸಿವು ಎಷ್ಟೆಂದು ಹೊಸಬರಿಗೆ ನಂಬುವುದೇ ಕಷ್ಟ. 1.2 ಕಿಲೋ ತೂಗುವ ಮರಿಗೆ ದಿನಕ್ಕೆ ಸುಮಾರು 200 ಕ್ಯಾಲರಿ ಬೇಕು. ಮನೆಯೊಳಗೇ ಇರುವ, ಸಂತಾನಹರಣ ಶಸ್ತ್ರಚಿಕಿತ್ಸೆಯಾದ ನಾಲ್ಕು ಕಿಲೋದ ಬೆಕ್ಕಿಗೆ ಬೇಕಾದದ್ದೂ 200ರಿಂದ 240. ಅಂಗೈಯಲ್ಲಿ ಹಿಡಿಯುವಷ್ಟಿರುವ ಜೀವ ತನಗಿಂತ ಮೂರು ಪಟ್ಟು ದೊಡ್ಡದರ ಊಟ ಮಾಡುತ್ತದೆ. ಆದರೆ ಅದರ ಹೊಟ್ಟೆ ಚಿಕ್ಕದು, ಒಮ್ಮೆಗೆ ಅಷ್ಟು ಹಿಡಿಸುವುದಿಲ್ಲ. ಅದಕ್ಕೇ ನಾಲ್ಕು ತಿಂಗಳವರೆಗೆ ದಿನಕ್ಕೆ ನಾಲ್ಕು ಊಟ, ಆರು ತಿಂಗಳವರೆಗೆ ಮೂರು, ಆಮೇಲೆ ಎರಡು. ಮರಿ ಆಹಾರವೆಂದು ಮಾರುವುದರಲ್ಲಿ ಪ್ರೋಟೀನ್, ಕೊಬ್ಬು, ಕ್ಯಾಲ್ಸಿಯಂ ಹೆಚ್ಚಿರುತ್ತವೆ. ವರ್ಷ ತುಂಬುವವರೆಗೆ ಅದನ್ನೇ ಕೊಡಿ.

ಪ್ರಾಯದ ಬೆಕ್ಕಿನ ತೊಂದರೆ ಇದಕ್ಕೆ ತದ್ವಿರುದ್ಧ. ಶಸ್ತ್ರಚಿಕಿತ್ಸೆಯ ನಂತರ ದೇಹಕ್ಕೆ ಬೇಕಾದ ಶಕ್ತಿ ಕಾಲುಭಾಗದಷ್ಟು ತಗ್ಗುತ್ತದೆ, ಹಸಿವು ಮಾತ್ರ ತಗ್ಗುವುದಿಲ್ಲ. ಬೋರ 5.6 ಕಿಲೋಗೆ ಏರಿದ್ದು ಹೀಗೆಯೇ. ಒಣ ಕಾಳಿನಲ್ಲಿ 100 ಗ್ರಾಮಿಗೆ 350ರಿಂದ 400 ಕ್ಯಾಲರಿ ಇರುತ್ತದೆ. ಅಂದರೆ ನಾಲ್ಕು ಕಿಲೋದ ಬೆಕ್ಕಿಗೆ ಇಡೀ ದಿನಕ್ಕೆ 60 ಗ್ರಾಂ ಸಾಕು. ಒಂದು ಸಲ ತೂಗಿ ನೋಡಿ, ಎಷ್ಟು ಕಡಿಮೆ ಎಂದು ಆಶ್ಚರ್ಯವಾಗುತ್ತದೆ. ನಾನು ಕಣ್ಣಂದಾಜಿನಲ್ಲಿ ಸುರಿಯುತ್ತಿದ್ದ ಒಂದು ಹಿಡಿಯೇ 45 ಗ್ರಾಂ ಇತ್ತು. ದಿನಕ್ಕೆ ಮೂರು ಹಿಡಿ ಹಾಕುತ್ತಿದ್ದೆ. ಗ್ರೇವಿಯಿರುವ 85 ಗ್ರಾಮಿನ ಪೌಚ್‌ನಲ್ಲಿ ಸುಮಾರು 60ರಿಂದ 80 ಕ್ಯಾಲರಿ ಮಾತ್ರ, ಉಳಿದದ್ದು ಬಹುಪಾಲು ನೀರು. ಹೊಟ್ಟೆ ತುಂಬಿದಂತಾಗಬೇಕು, ಮೈ ಬರಬಾರದು ಎಂದರೆ ದಿನದ ಒಂದು ಊಟವನ್ನು ಪೌಚ್‌ಗೆ ಬದಲಿಸುವುದು ಒಳ್ಳೆಯ ದಾರಿ. ತೂಕ ಇಳಿಸುವಾಗ ಅವಸರ ಬೇಡ. ವಾರಕ್ಕೆ ಮೈತೂಕದ ನೂರರಲ್ಲೊಂದು ಪಾಲು ಇಳಿದರೆ ಸಾಕು, ಬೋರನಿಗಾದರೆ 50–60 ಗ್ರಾಂ.

ಮುದಿ ಬೆಕ್ಕಿಗೆ ವಯಸ್ಸಾಯಿತೆಂದು ಊಟ ಕಡಿಮೆ ಮಾಡುವ ರೂಢಿ ನಮ್ಮಲ್ಲಿದೆ. ಅದು ತಪ್ಪು. ಹನ್ನೊಂದು ಹನ್ನೆರಡು ದಾಟಿದ ಹಲವು ಬೆಕ್ಕುಗಳಿಗೆ ಕೊಬ್ಬನ್ನೂ ಪ್ರೋಟೀನನ್ನೂ ಜೀರ್ಣಿಸಿಕೊಳ್ಳುವ ಶಕ್ತಿ ಕುಂದುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ, ಸ್ನಾಯು ಕರಗುತ್ತದೆ. ರೋಗವಿಲ್ಲದ ಮುದಿ ಬೆಕ್ಕಿಗೆ ಒಳ್ಳೆಯ ಪ್ರೋಟೀನ್ ಧಾರಾಳವಾಗಿ ಬೇಕು. ಮೂತ್ರಪಿಂಡದ ರೋಗವಿದ್ದರೆ ಮಾತು ಬೇರೆ. ಆಗ ರಂಜಕದ ಅಂಶ ಕಡಿಮೆಯಿರುವ, ವೈದ್ಯರು ಬರೆದುಕೊಡುವ ಆಹಾರವೇ ಆಗಬೇಕು. ರಕ್ತ ಪರೀಕ್ಷೆ ಮಾಡಿಸದೆ ನಾವೇ ಊಹಿಸಿ ಅದನ್ನು ಶುರುಮಾಡಬಾರದು.

3. ಯಾವುದು ಬೆರೆಯಬಹುದು, ಯಾವುದು ಬೆರೆಯಬಾರದು

ಪ್ರತಿ ಕಾಳಿಗೂ ಹೆದರಬೇಕಾಗಿಲ್ಲ. ಪ್ರಾಯದ ಬೆಕ್ಕು ಒಂದು ದಿನ ಮರಿಯ ತಟ್ಟೆ ನೆಕ್ಕಿದರೆ ಏನೂ ಆಗುವುದಿಲ್ಲ. ಅದೇ ಅಭ್ಯಾಸವಾದರೆ ಮೈ ಬರುತ್ತದೆ. ಮರಿ ಎರಡು ದಿನ ದೊಡ್ಡವರ ಆಹಾರ ತಿಂದರೂ ನಡೆಯುತ್ತದೆ, ತಿಂಗಳುಗಟ್ಟಲೆ ತಿಂದರೆ ಬೆಳವಣಿಗೆಗೆ ಪೆಟ್ಟು. ಮನೆಯಲ್ಲಿರುವುದು ಮರಿ ಮತ್ತು ಆರೋಗ್ಯವಾದ ಪ್ರಾಯದ ಬೆಕ್ಕು ಮಾತ್ರವಾದರೆ, ಎಲ್ಲ ವಯಸ್ಸಿಗೂ ಹೊಂದುತ್ತದೆ ಎಂದು ಚೀಟಿಯಲ್ಲಿರುವ ಆಹಾರವನ್ನೇ ತಂದು ಇಬ್ಬರಿಗೂ ಕೊಡಬಹುದು. ಅಂಥದ್ದು ಮರಿಯ ಅಗತ್ಯಕ್ಕೆ ತಕ್ಕಂತೆ ತಯಾರಾಗಿರುತ್ತದೆ. ಆದ್ದರಿಂದ ಮರಿಗೆ ಬೇಕಾದಷ್ಟು, ದೊಡ್ಡದಕ್ಕೆ ತೂಗಿ. ಗಬ್ಬದ ಬೆಕ್ಕು, ಹಾಲೂಡಿಸುವ ತಾಯಿ ಇದ್ದರೆ ಇನ್ನೂ ಸುಲಭ. ಅವಕ್ಕೂ ಮರಿ ಆಹಾರವೇ ಬೇಕು, ತಾಯಿಮಕ್ಕಳಿಗೆ ಒಂದೇ ತಟ್ಟೆ ಸಾಕು. ಮೂರು ನಾಲ್ಕನೆಯ ವಾರದಲ್ಲಿ ಮರಿಗಳು ತಾಯಿಯ ತಟ್ಟೆಗೆ ಮೂತಿಯಿಟ್ಟೇ ತಿನ್ನಲು ಕಲಿಯುತ್ತವೆ.

ಎಂದೂ ಬೆರೆಯಬಾರದ್ದು ಕಾಯಿಲೆಯ ಬೆಕ್ಕಿನ ಆಹಾರ. ಗೌರಿಯ ಮೂತ್ರಪಿಂಡದ ಆಹಾರದಲ್ಲಿ ಪ್ರೋಟೀನೂ ರಂಜಕವೂ ಮಿತಿಯಲ್ಲಿರುತ್ತವೆ. ಎಳ್ಳಿನ ಎಲುಬು ಬಲಿಯುವ ಕಾಲಕ್ಕೆ ಅದು ಸಾಲದು. ಎಳ್ಳಿನ ಆಹಾರದಲ್ಲಿರುವ ರಂಜಕ ಗೌರಿಯ ಮೂತ್ರಪಿಂಡಕ್ಕೆ ಹೊರೆ. ಒಬ್ಬರಿಗೆ ಮದ್ದಾದದ್ದು ಇನ್ನೊಬ್ಬರಿಗೆ ಕೇಡು. ನಮ್ಮ ಮನೆಯ ಏರ್ಪಾಡೆಲ್ಲ ಇವರಿಬ್ಬರನ್ನು ಬೇರೆ ಇಡುವುದಕ್ಕಾಗಿಯೇ ಹುಟ್ಟಿದ್ದು. ನಾಯಿಯ ಆಹಾರವಂತೂ ಯಾವ ವಯಸ್ಸಿನ ಬೆಕ್ಕಿಗೂ ಸಲ್ಲದು.

ಪೊಟ್ಟಣದ ಚೀಟಿ ಓದುವಾಗ ಎರಡು ವಿಷಯ ನೋಡಿ. ಸಂಪೂರ್ಣ ಮತ್ತು ಸಮತೋಲಿತ ಆಹಾರ ಎಂದಿದೆಯೋ, ಪೂರಕ ಎಂದಿದೆಯೋ? ಮೀನಿನ ತುಂಡು ತೇಲುವ ಕೆಲವು ಆಕರ್ಷಕ ಡಬ್ಬಿಗಳು ಬರೀ ಪೂರಕ, ಊಟದ ಬದಲಿಗೆ ಕೊಡುವಂಥವಲ್ಲ. ಎರಡನೆಯದು ಪ್ರೋಟೀನಿನ ಅಂಕಿ. ಒಣ ಕಾಳಿನಲ್ಲಿ 32 ಪ್ರತಿಶತ, ಪೌಚ್‌ನಲ್ಲಿ 9 ಪ್ರತಿಶತ ಎಂದು ಕಂಡು ಪೌಚ್ ಕಳಪೆ ಎಂದುಕೊಳ್ಳಬೇಡಿ. ಪೌಚ್‌ನಲ್ಲಿ 80 ಪಾಲು ನೀರು. ಉಳಿದ 20 ಪಾಲಿನಲ್ಲಿ 9 ಎಂದರೆ 45 ಪ್ರತಿಶತವಾಯಿತು. ಕಾಳಿನಲ್ಲಿ ನೀರು 10 ಪಾಲು. ಹಾಗಾಗಿ ಅದರ ನಿಜವಾದ ಲೆಕ್ಕ 35ರ ಆಸುಪಾಸು.

4. ಇಡೀ ದಿನದ ಬಟ್ಟಲನ್ನು ಎತ್ತಿಡಿ

ಎಲ್ಲಕ್ಕಿಂತ ಹೆಚ್ಚು ಪ್ರತಿರೋಧ ಬರುವುದು ಇಲ್ಲಿ, ಬೆಕ್ಕಿನಿಂದಲೂ ಮನೆಯವರಿಂದಲೂ.

ಮೊದಲ ಮೂರು ದಿನ ಬಟ್ಟಲನ್ನು ನಾಲ್ಕು ಹೊತ್ತು, ಒಂದೊಂದು ಗಂಟೆ ಇಡಿ. ಗಂಟೆ ಕಳೆದ ಮೇಲೆ ಉಳಿದಿದ್ದರೂ ಎತ್ತಿಡಿ. ನಾಲ್ಕನೆಯ ದಿನದಿಂದ ಅರ್ಧ ಗಂಟೆ. ವಾರ ಕಳೆಯುವ ಹೊತ್ತಿಗೆ ಇಪ್ಪತ್ತು ನಿಮಿಷಕ್ಕೆ ಇಳಿಯುತ್ತದೆ. ಆಮೇಲೆ ಪ್ರಾಯದ ಬೆಕ್ಕಿನ ಊಟವನ್ನು ಎರಡೋ ಮೂರೋ ಹೊತ್ತಿಗೆ ನಿಲ್ಲಿಸಬಹುದು. ದಾರಿಗೆ ತರುತ್ತೇನೆಂದು ಬೆಕ್ಕನ್ನು ದಿನಗಟ್ಟಲೆ ಉಪವಾಸ ಕೆಡವಬೇಡಿ. ಅದರ ಅಪಾಯವನ್ನು ಕೊನೆಯಲ್ಲಿ ಹೇಳುತ್ತೇನೆ.

ಬೋರ ಮೊದಲ ವಾರ ನಸುಕಿನ ನಾಲ್ಕಕ್ಕೆ ನನ್ನ ಹಾಸಿಗೆಯ ಬಳಿ ಬಂದು ಕೂಗುತ್ತಿದ್ದ. ಎದ್ದು ಒಂದೇ ಒಂದು ದಿನ ಹಾಕಿದರೂ ಅದೇ ಪಾಠವಾಗಿಬಿಡುತ್ತದೆ. ನಾನು ಎದ್ದು ಹಾಕಲಿಲ್ಲ, ಬದಲಿಗೆ ಅವನ ರಾತ್ರಿಯ ಊಟವನ್ನು ಏಳರಿಂದ ಹತ್ತಕ್ಕೆ ತಳ್ಳಿದೆ. ಹತ್ತು ದಿನದಲ್ಲಿ ಕೂಗು ನಿಂತಿತು.

ತಟ್ಟೆಗಳನ್ನು ಸಾಲಾಗಿ ಇಟ್ಟು ಮೂವರೂ ಒಟ್ಟಿಗೆ ತಿನ್ನುವುದನ್ನು ನೋಡುವ ಆಸೆ ನನಗೂ ಇತ್ತು. ಬೆಕ್ಕಿಗೆ ಅದು ಒಗ್ಗುವುದಿಲ್ಲ. ನಮ್ಮ ಬೆಕ್ಕುಗಳ ಮೂಲ ಆಫ್ರಿಕಾದ ಕಾಡುಬೆಕ್ಕು. ಅದು ಒಂಟಿಯಾಗಿ ಬೇಟೆಯಾಡಿ, ಒಂಟಿಯಾಗಿಯೇ ತಿನ್ನುವ ಪ್ರಾಣಿ. ಪಕ್ಕದಲ್ಲಿ ಇನ್ನೊಂದು ಬೆಕ್ಕು ಅಗಿಯುತ್ತಿದ್ದರೆ ಒಂದು ಗಬಗಬ ನುಂಗಿ ಕಕ್ಕುತ್ತದೆ, ಇನ್ನೊಂದು ತಿನ್ನದೆ ಎದ್ದುಹೋಗುತ್ತದೆ. ಜಗಳವಾಡದಿದ್ದ ಮಾತ್ರಕ್ಕೆ ಅವು ನೆಮ್ಮದಿಯಿಂದಿವೆ ಎಂದಲ್ಲ.

5. ಮೂರು ಜಾಗ

ವಯಸ್ಸಿನ ವ್ಯತ್ಯಾಸವೇ ತೊಂದರೆ ಎಂದು ಶುರುಮಾಡಿದೆವು. ಇಲ್ಲಿ ಅದೇ ಉಪಾಯವೂ ಆಗುತ್ತದೆ. ಮರಿ ನುಸುಳುವ ಕಡೆ ದೊಡ್ಡದು ನುಸುಳದು. ಪ್ರಾಯದ್ದು ಹಾರುವ ಎತ್ತರಕ್ಕೆ ಮರಿಯೂ ಮುದಿಯೂ ಹಾರಲಾರವು.

ಮರಿಗೆ ಒಂದು ಪೆಟ್ಟಿಗೆ. ಮುಚ್ಚಳವಿರುವ ದೊಡ್ಡ ಪ್ಲಾಸ್ಟಿಕ್ ಡಬ್ಬಿಯೋ ಗಟ್ಟಿ ರಟ್ಟಿನ ಪೆಟ್ಟಿಗೆಯೋ ಆದೀತು. ಒಂದು ಬದಿಯಲ್ಲಿ ಮರಿಯ ಭುಜ ನುಸುಳುವಷ್ಟು, ದೊಡ್ಡದರ ತಲೆ ನುಸುಳದಷ್ಟು ತೂತು ಕೊರೆಯಿರಿ. ನಮ್ಮಲ್ಲಿ ಅದು 7 ಸೆಂಟಿಮೀಟರ್ ಅಗಲವಾಯಿತು, ನೀವು ನಿಮ್ಮ ಬೆಕ್ಕುಗಳನ್ನು ನೋಡಿ ಕೊರೆಯಿರಿ. ಪ್ಲಾಸ್ಟಿಕ್ ಆದರೆ ಅಂಚನ್ನು ಉಜ್ಜಿ ನುಣುಪು ಮಾಡಿ, ಗಾಳಿಯಾಡಲು ಮೇಲೆ ಸಣ್ಣ ರಂಧ್ರಗಳನ್ನೂ ಮಾಡಿ. ತಟ್ಟೆ ತೂತಿನಿಂದ ಒಂದೂವರೆ ಅಡಿಯಾದರೂ ಒಳಗಿರಬೇಕು. ನಾನು ಮೊದಲು ಚಿಕ್ಕ ಪೆಟ್ಟಿಗೆ ಮಾಡಿದ್ದೆ. ಬೋರ ಅಡ್ಡಡ್ಡ ಮಲಗಿ, ಒಂದು ಕೈಯನ್ನು ಭುಜದವರೆಗೂ ತೂರಿಸಿ, ಕಾಳನ್ನು ಒಂದೊಂದಾಗಿ ಗೋರಿಕೊಂಡ. ಎಳ್ಳು ಒಳಗೆ ಕುಳಿತು ಆ ಕೈಯನ್ನೇ ನೋಡುತ್ತಿತ್ತು. ದೊಡ್ಡ ಪೆಟ್ಟಿಗೆ ತಂದು, ಉರುಳಿಸದಂತೆ ಮೇಲೆ ಹಳೆಯ ರುಬ್ಬುಗುಂಡನ್ನಿಟ್ಟ ಮೇಲೆ ಸರಿಯಾಯಿತು. ಹಗಲಿನಲ್ಲಿ ಮನೆಯಲ್ಲಿ ಯಾರೂ ಇಲ್ಲದವರಿಗೆ ಈ ಪೆಟ್ಟಿಗೆ ವರದಾನ. ಮರಿಯ ಮಧ್ಯಾಹ್ನದ ಪಾಲಿನ ಒಣ ಕಾಳನ್ನು ಅದರಲ್ಲಿಟ್ಟು ಹೋಗಬಹುದು. ಮರಿ ಐದು ತಿಂಗಳಾಗುವ ಹೊತ್ತಿಗೆ ತೂತಿಗೆ ಹಿಡಿಸದಷ್ಟು ಬೆಳೆದಿರುತ್ತದೆ. ಆಗ ಅದರ ಊಟಗಳೂ ಮೂರಕ್ಕೆ ಇಳಿದಿರುತ್ತವೆ, ಕೋಣೆಯೊಂದರಲ್ಲಿ ಬಾಗಿಲು ಹಾಕಿ ತಿನ್ನಿಸುವುದು ಕಷ್ಟವಲ್ಲ.

ಪ್ರಾಯದ್ದಕ್ಕೆ ಎತ್ತರ. ನಾಲ್ಕಡಿ ಎತ್ತರದ ಕಪಾಟಿನ ನೆತ್ತಿಯೋ, ಹಳೆಯ ಮನೆಯಾದರೆ ನಾಗಂದಿಗೆಯೋ ಸಾಕು. ಮರಿ ನಾಲ್ಕೈದು ತಿಂಗಳಲ್ಲಿ ಅಲ್ಲಿಗೂ ಹಾರಲು ಕಲಿಯುತ್ತದೆ, ಅಲ್ಲಿಯವರೆಗೆ ನೆಮ್ಮದಿ.

ಮುದಿ ಬೆಕ್ಕಿಗೆ ಕೋಣೆ, ಬಾಗಿಲು, ಮತ್ತು ನೀವು. ಗೌರಿ ತಿನ್ನಲು ಇಪ್ಪತ್ತೈದು ನಿಮಿಷ ತೆಗೆದುಕೊಳ್ಳುತ್ತಾಳೆ. ನಾಲ್ಕು ತುತ್ತು ತಿಂದು, ಕಿಟಕಿಯ ಕಡೆ ಹೋಗಿ, ಮತ್ತೆ ಬರುತ್ತಾಳೆ. ನಾನು ಪತ್ರಿಕೆ ಹಿಡಿದು ಅಲ್ಲೇ ನೆಲದಲ್ಲಿ ಕೂರುತ್ತೇನೆ. ತಟ್ಟೆಯನ್ನು ನಾಲ್ಕೈದು ಇಂಚು ಎತ್ತರದ ಮಣೆಯ ಮೇಲಿಡಿ. ಕತ್ತು ಬಗ್ಗಿಸಲು, ಮುಂಗಾಲಿನ ಮೇಲೆ ಭಾರ ಹಾಕಲು ಕೀಲುನೋವಿನ ಬೆಕ್ಕಿಗೆ ಕಷ್ಟವಾಗುತ್ತದೆ. ಇನ್ನೊಂದು ಮಾತು, ಊಟ ಬೆಚ್ಚಗಿರಲಿ. ಬೆಕ್ಕು ತಿನ್ನುವುದು ಮೂಗಿನಿಂದ, ವಯಸ್ಸಾದಂತೆ ಆ ಮೂಗು ಮಂದವಾಗುತ್ತದೆ. ಫ್ರಿಜ್‌ನಿಂದ ತೆಗೆದ ಪೌಚ್‌ಗೆ ವಾಸನೆಯೇ ಇರುವುದಿಲ್ಲ. ಬಟ್ಟಲನ್ನು ಬಿಸಿನೀರಿನ ಪಾತ್ರೆಯಲ್ಲಿ ಎರಡು ನಿಮಿಷ ಇಟ್ಟು, ನಿಮ್ಮ ಮಣಿಕಟ್ಟಿಗೆ ಉಗುರುಬೆಚ್ಚಗೆ ತಾಗುವಷ್ಟು ಮಾಡಿ. ಮುಖ ತಿರುಗಿಸಿದ್ದ ಗೌರಿ ಅದೇ ಆಹಾರವನ್ನು ಬೆಚ್ಚಗೆ ಮಾಡಿಕೊಟ್ಟಾಗ ತಟ್ಟೆ ನೆಕ್ಕಿದ್ದನ್ನು ನಾನು ಹಲವು ಸಲ ಕಂಡಿದ್ದೇನೆ.

ಎಲ್ಲರ ಊಟ ಮುಗಿದ ಕೂಡಲೇ ಮೂರೂ ತಟ್ಟೆ ತೊಳೆಯುವ ಸಿಂಕಿಗೆ ಹೋಗಬೇಕು. ಉಳಿದದ್ದನ್ನು ತೂಗಿ ಬರೆದರೆ ಇನ್ನೂ ಒಳ್ಳೆಯದು. ಗೌರಿಯದನ್ನು ಮಾತ್ರ ನಾನು ಬರೆಯುತ್ತೇನೆ.

6. ಹಾಲು, ಮೊಸರನ್ನ, ಮೀನು

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುತ್ತದೆ ಎಂಬ ಗಾದೆ ಕೇಳಿ ಬೆಳೆದ ನಮಗೆ ಬೆಕ್ಕೆಂದರೆ ಹಾಲು. ತಾಯಿಯ ಮೊಲೆ ಬಿಟ್ಟ ಮೇಲೆ ಹಾಲಿನ ಸಕ್ಕರೆಯನ್ನು ಜೀರ್ಣಿಸುವ ಶಕ್ತಿ ಬಹುತೇಕ ಬೆಕ್ಕುಗಳಲ್ಲಿ ಇಳಿದುಹೋಗುತ್ತದೆ. ಹಸುವಿನ ಹಾಲು ಕುಡಿದ ಮರಿಗೆ ಭೇದಿಯಾಗುತ್ತದೆ, ಚಿಕ್ಕ ಮರಿ ಭೇದಿಯಿಂದಲೇ ಸಾಯಬಹುದು. ತಬ್ಬಲಿ ಎಳೆಮರಿ ಸಿಕ್ಕಿದರೆ ಬೆಕ್ಕಿನ ಮರಿಗಳಿಗಾಗಿಯೇ ತಯಾರಿಸಿದ ಹಾಲಿನ ಪುಡಿ ತನ್ನಿ. ಇನ್ನು ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ, ಸಿಹಿಯನ್ನು ಗುರುತಿಸುವ ಜೀನ್ ಅದರಲ್ಲಿ ಕೆಟ್ಟಿದೆ. ಪೇಡ, ಐಸ್ಕ್ರೀಮ್ ನೆಕ್ಕುವುದು ಕೊಬ್ಬಿನ ಆಸೆಗೆ.

ಮೊಸರನ್ನದ ಬಗ್ಗೆ ಸ್ವಲ್ಪ ಹೆಚ್ಚೇ ಹೇಳಬೇಕು. ಮಾಂಸ ಬೇಯಿಸದ ಮನೆಯಲ್ಲಿ ಬೆಳೆದವಳು ನಾನು. ಅಜ್ಜಿಯ ಮನೆಯ ಬೆಕ್ಕು ಮೊಸರನ್ನ ತಿಂದೇ ಹತ್ತು ಹನ್ನೆರಡು ವರ್ಷ ಬಾಳಿತು ಎಂದು ಎಲ್ಲರೂ ಹೇಳುತ್ತಾರೆ. ಅದು ಬಾಳಿದ್ದು ಅಟ್ಟದ ಇಲಿ, ಹಿತ್ತಲಿನ ಹಲ್ಲಿ, ಅಡಕೆ ತೋಟದ ಹಕ್ಕಿಗಳ ಮೇಲೆ. ಮೊಸರನ್ನ ಮೇಲೋಗರವಷ್ಟೇ ಆಗಿತ್ತು. ಮೂರನೆಯ ಮಹಡಿಯ ಫ್ಲಾಟಿನ ಬೆಕ್ಕಿಗೆ ಅಟ್ಟವೂ ಇಲ್ಲ, ಇಲಿಯೂ ಇಲ್ಲ. ಅದಕ್ಕೆ ಮೊಸರನ್ನ ಹಾಕಿದರೆ ಅದು ನಿಜವಾಗಿಯೂ ಬರೀ ಮೊಸರನ್ನವನ್ನೇ ತಿಂದಂತಾಗುತ್ತದೆ. ಬೆಕ್ಕಿಗೆ ಟಾರಿನ್ ಎಂಬ ಅಂಶ ಆಹಾರದಿಂದಲೇ ಬರಬೇಕು, ಅದಿರುವುದು ಮಾಂಸ ಮೀನುಗಳಲ್ಲಿ. ಇಲ್ಲದಿದ್ದರೆ ಕಣ್ಣಿನ ಒಳಗಿನ ಅಕ್ಷಿಪಟಲ (ರೆಟಿನಾ) ಹಾಳಾಗಿ ಕುರುಡಾಗುತ್ತದೆ, ಹೃದಯ ಹಿಗ್ಗಿ ಸೋಲುತ್ತದೆ. ಹೃದಯದ ಈ ಕಾಯಿಲೆಗೂ ಟಾರಿನ್ ಕೊರತೆಗೂ ಇರುವ ನಂಟನ್ನು 1987ರಲ್ಲಿ ಅಮೆರಿಕದ ಡೇವಿಸ್‌ನಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಪಶುವೈದ್ಯ ಸಂಶೋಧಕರು ತೋರಿಸಿಕೊಟ್ಟರು. ಟಾರಿನ್ ಕೊಟ್ಟಾಗ ಬೆಕ್ಕುಗಳ ಹೃದಯ ಚೇತರಿಸಿಕೊಂಡಿತು. ಆಮೇಲೆ ಪೊಟ್ಟಣದ ಆಹಾರಗಳಲ್ಲಿ ಟಾರಿನ್ ಪ್ರಮಾಣವನ್ನು ಹೆಚ್ಚಿಸಲಾಯಿತು. ಮನೆಯಲ್ಲಿ ಮಾಂಸ ಬೇಯಿಸಲಾಗದವರು ಸಂಪೂರ್ಣ ಆಹಾರದ ಪೊಟ್ಟಣ ತಂದು, ಅದಕ್ಕೊಂದು ಬೇರೆ ಚಮಚ, ಬೇರೆ ತಟ್ಟೆ, ತೊಳೆಯಲು ಹಿತ್ತಲಿನ ನಲ್ಲಿ ಎಂದು ಮಾಡಿಕೊಳ್ಳಬಹುದು. ಅದಕ್ಕೂ ಮನಸ್ಸು ಒಪ್ಪದಿದ್ದರೆ ಬೆಕ್ಕು ಸಾಕುವ ಯೋಚನೆಯನ್ನೇ ಬಿಡುವುದು ಒಳ್ಳೆಯದು. ಕಟುವಾಗಿ ಕೇಳಿಸಬಹುದು, ಆದರೂ ನನ್ನ ಖಚಿತ ಅಭಿಪ್ರಾಯ ಇದು.

ಮಾಂಸ ಬೇಯಿಸುವ ಮನೆಯವರು ಬರೀ ಬೇಯಿಸಿದ ಕೋಳಿಯನ್ನೇ ಊಟವಾಗಿಸಬೇಡಿ, ಅದರಲ್ಲೂ ಮರಿಗೆ. ಬರೀ ಮಾಂಸದಲ್ಲಿ ರಂಜಕ ಹೇರಳ, ಕ್ಯಾಲ್ಸಿಯಂ ತೀರ ಕಡಿಮೆ. ದೇಹ ಆ ಕೊರತೆಯನ್ನು ಎಲುಬಿನಿಂದಲೇ ಕಿತ್ತು ತುಂಬಿಕೊಳ್ಳುತ್ತದೆ. ಮಂಚದಿಂದ ಹಾರಿದ್ದಕ್ಕೇ ಮರಿಯ ಕಾಲು ಮುರಿಯುವುದು ಇದೇ ಕಾರಣಕ್ಕೆ. ಕೋಳಿಯನ್ನು ಅಪರೂಪದ ತಿನಿಸಾಗಿ ಕೊಡಿ, ದಿನದ ಕ್ಯಾಲರಿಯ ಹತ್ತರಲ್ಲೊಂದು ಪಾಲನ್ನು ಮೀರದಿರಲಿ. ಬೇಯಿಸಿದ ನೀರನ್ನು ಚೆಲ್ಲಬೇಡಿ, ಟಾರಿನ್ ಅದರೊಳಗೆ ಇಳಿದಿರುತ್ತದೆ. ಉಪ್ಪು, ಖಾರ, ಈರುಳ್ಳಿ, ಬೆಳ್ಳುಳ್ಳಿ ಹಾಕುವ ಮೊದಲೇ ಬೆಕ್ಕಿನ ಪಾಲನ್ನು ತೆಗೆದಿಡಿ. ಈರುಳ್ಳಿ ಬೆಳ್ಳುಳ್ಳಿ ಬೆಕ್ಕಿನ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೆಂದರೂ ಆ ವಿಷ ಹೋಗುವುದಿಲ್ಲ. ಸಾಂಬಾರಿನ ಅನ್ನ, ಸಾರಿನಲ್ಲಿ ಬೆಂದ ಮಾಂಸ ಎರಡೂ ಬೇಡ.

ಮೀನು. ಕರಾವಳಿಯಿಂದ ಘಟ್ಟ ಹತ್ತಿ ಬರುವ ಮೀನಿನ ಗಾಡಿಯ ಹಾರ್ನ್ ಕೇಳಿದರೆ ನಮ್ಮ ಬೀದಿಯ ಬೆಕ್ಕುಗಳೆಲ್ಲ ಗೇಟಿನ ಬಳಿ ಸೇರುತ್ತವೆ. ಹಸಿ ಭೂತಾಯಿಯಂಥ ಮೀನುಗಳಲ್ಲಿ ಬಿ1 ಜೀವಸತ್ವವನ್ನು ನಾಶಮಾಡುವ ಕಿಣ್ವವಿದೆ. ದಿನವೂ ಹಸಿ ಮೀನೇ ಆದರೆ ಬೆಕ್ಕಿನ ಕತ್ತು ಬಗ್ಗಿ, ನಡಿಗೆ ತೂರಾಡಿ, ಕೊನೆಗೆ ಸೆಳವು ಬರಬಹುದು. ಬೇಯಿಸಿದರೆ ಆ ಕಿಣ್ವ ಸಾಯುತ್ತದೆ. ಮುಳ್ಳು ಬಿಡಿಸಿ, ಬೇಯಿಸಿ, ವಾರಕ್ಕೊಂದೆರಡು ಸಲ ಕೊಟ್ಟರೆ ಅಡ್ಡಿಯಿಲ್ಲ. ಮೂತ್ರಪಿಂಡದ ರೋಗವಿರುವ ಬೆಕ್ಕಿಗೆ ಮಾತ್ರ ವೈದ್ಯರನ್ನು ಕೇಳದೆ ಕೊಡಬೇಡಿ.

7. ನೀರು, ಇರುವೆ, ಮಳೆಗಾಲ

ನೀರಿನ ಬಟ್ಟಲು ಊಟದ ತಟ್ಟೆಯಿಂದ ದೂರವಿರಲಿ. ಮನೆಯಲ್ಲಿ ಎರಡು ಮೂರು ಕಡೆ ಇಡಿ, ಒಂದು ಮುದಿ ಬೆಕ್ಕು ಮಲಗುವ ಜಾಗದ ಹತ್ತಿರವಿರಲಿ. ಮೂತ್ರಪಿಂಡ ಸೋತ ಬೆಕ್ಕಿಗೆ ಪೌಚ್‌ನ ಆಹಾರಕ್ಕೆ ಎರಡು ಚಮಚ ಬೆಚ್ಚಗಿನ ನೀರು ಬೆರೆಸಿದರೆ ಅಷ್ಟು ನೀರು ಕುಡಿದಂತೆಯೇ. ಇರುವೆಗೆ ಅಜ್ಜಿಯ ಉಪಾಯವೇ ಸಾಕು, ಅಗಲವಾದ ತಟ್ಟೆಯಲ್ಲಿ ನೀರು ನಿಲ್ಲಿಸಿ ನಡುವೆ ಊಟದ ಬಟ್ಟಲಿಡಿ. ಮಳೆಗಾಲದಲ್ಲಿ ಒಣ ಕಾಳು ಎರಡೇ ದಿನಕ್ಕೆ ಮೆತ್ತಗಾಗಿ ಬೂಷ್ಟು ಹಿಡಿಯುತ್ತದೆ. ಪೊಟ್ಟಣದ ಸಮೇತ ಗಾಳಿಯಾಡದ ಡಬ್ಬಿಯಲ್ಲಿಡಿ, ದೊಡ್ಡ ಚೀಲ ತರುವ ಲೋಭ ಬೇಡ. ಬೇಸಿಗೆಯಲ್ಲಿ ಪೌಚ್‌ನ ಆಹಾರವನ್ನು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಹೊರಗಿಡಬೇಡಿ.

ಆಹಾರ ಬದಲಿಸುವಾಗ ಏಳರಿಂದ ಹತ್ತು ದಿನ ತೆಗೆದುಕೊಳ್ಳಿ. ಮೊದಲ ಎರಡು ದಿನ ಹೊಸದು ಕಾಲುಪಾಲು, ಆಮೇಲೆ ಅರ್ಧ, ಆಮೇಲೆ ಮುಕ್ಕಾಲು. ಮುದಿ ಬೆಕ್ಕಿಗೆ ತಿಂಗಳೇ ಹಿಡಿಯಬಹುದು. ಗೌರಿಗೆ ಐದು ವಾರ ಬೇಕಾಯಿತು.

8. ಯಾವಾಗ ಕಾಯಬಾರದು

ದೊಡ್ಡ ಬೆಕ್ಕು 24 ಗಂಟೆ ಏನನ್ನೂ ಮುಟ್ಟದಿದ್ದರೆ ಪಶುವೈದ್ಯರನ್ನು ಕಾಣಿ. ಚಿಕ್ಕ ಮರಿಯಾದರೆ 12 ಗಂಟೆಯೂ ಹೆಚ್ಚು. ಬೆಕ್ಕು ಎರಡು ಮೂರು ದಿನ ತಿನ್ನದಿದ್ದರೆ ಮೈಯ ಕೊಬ್ಬೆಲ್ಲ ಯಕೃತ್ತಿಗೆ ಬಂದು ತುಂಬಿಕೊಂಡು, ಯಕೃತ್ತೇ ಕೆಲಸ ನಿಲ್ಲಿಸಬಹುದು. ದಪ್ಪ ಬೆಕ್ಕುಗಳಿಗೆ ಈ ಅಪಾಯ ಇನ್ನೂ ಹೆಚ್ಚು. ಹಸಿದರೆ ತಾನೇ ತಿನ್ನುತ್ತದೆ ಎಂಬ ಮಾತು ಬೆಕ್ಕಿನ ವಿಷಯದಲ್ಲಿ ಸುಳ್ಳು.

ಮುದಿ ಬೆಕ್ಕು ಎಂದಿಗಿಂತ ಹೆಚ್ಚು ತಿನ್ನುತ್ತಿದೆ, ಆದರೂ ಇಳಿಯುತ್ತಿದೆ ಎಂದರೆ ಸಂತೋಷಪಡಬೇಡಿ. ಥೈರಾಯ್ಡ್ ಗ್ರಂಥಿ ಅತಿಯಾಗಿ ಕೆಲಸ ಮಾಡುತ್ತಿರಬಹುದು, ಮಧುಮೇಹವೂ ಇರಬಹುದು. ನೀರಿನ ಬಟ್ಟಲು ಬೇಗ ಖಾಲಿಯಾಗುವುದು, ಕಾಳನ್ನು ಬಾಯಿಗೆ ಹಾಕಿ ಕೆಳಗೆ ಬೀಳಿಸುವುದು, ಒಂದೇ ಬದಿಯಲ್ಲಿ ಅಗಿಯುವುದು, ಇವೆಲ್ಲ ಕಣ್ಣಿಗೆ ಬೀಳುವುದು ತಿನ್ನುವಾಗ ಪಕ್ಕದಲ್ಲಿ ಕುಳಿತಿದ್ದರೆ ಮಾತ್ರ. ಮಂಕಾಗಿದೆ, ಜ್ವರವಿರಬಹುದು ಎಂದು ನಮ್ಮ ಪ್ಯಾರಾಸಿಟಮಾಲ್ ಮಾತ್ರೆಯ ಚೂರನ್ನೂ ಕೊಡಬೇಡಿ. ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು.

ಆಸ್ಪತ್ರೆಗೆ ಹೋಗುವಾಗ ಕ್ಯಾಲೆಂಡರಿನ ಆ ಹಾಳೆಗಳ ಫೋಟೋ ಮೊಬೈಲ್‌ನಲ್ಲಿರಲಿ. ಎಷ್ಟು ದಿನದಿಂದ ತಿನ್ನುತ್ತಿಲ್ಲ, ಮೊದಲು ಎಷ್ಟು ತಿನ್ನುತ್ತಿತ್ತು ಎಂದು ವೈದ್ಯರು ಕೇಳುತ್ತಾರೆ. ಒಂದು ವರ್ಷದ ಹಿಂದೆ ಆ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಕಳೆದ ಭಾನುವಾರದ ಚೌಕದಲ್ಲಿ ಬರೆದಿರುವುದು ಇಷ್ಟು: ಬೋರ 5.1, ಎಳ್ಳು 3.6, ಗೌರಿ 3.45, ಬೆಳಗಿನ ಊಟದಲ್ಲಿ ಉಳಿಸಿದ್ದು 4 ಗ್ರಾಂ.